ಒಂಬತ್ತು ಡಬ್ಬ ಕೆಂಪು

ಮೇ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಸ್ವೀಡನ್ನಿನ ಸೊಲ್ಲೆಂಟುನಾದಿಂದ ಹೊರಟೆವು. ಕಾರಿನಲ್ಲಿ ಇದ್ದವರು ನಾನು ಮತ್ತು ನನ್ನ ಮಗಳು ಸುಮಾ, ಇಬ್ಬರೇ. ಹಿಂದಿನ ಸೀಟು ಮಡಚಿ ಇಪ್ಪತ್ತೈದು ಕಿಲೋದ ನಾಲ್ಕು ಮೂಟೆ ಸಿಮೆಂಟ್ ಹೇರಿದ್ದೆವು. ಮೂಟೆಗಳ ಸಂದಿಯಲ್ಲಿ ಒಂಬತ್ತು ಐಸ್‌ಕ್ರೀಮ್ ಡಬ್ಬಗಳು. ಅವುಗಳ ತುಂಬ ರೆಡ್ ಆಕ್ಸೈಡ್, ನಮ್ಮ ಕಡೆ ಕೆಂಪು ಗಾರೆ ನೆಲಕ್ಕೆ ಬಳಸುವ ಅದೇ ಪುಡಿ. ಇಷ್ಟನ್ನೂ ಗಡಿ ದಾಟಿಸಿ ನಾರ್ವೆಯಲ್ಲಿರುವ ನನ್ನ ಗೆಳತಿ ಮೇಬಲ್ ಮನೆಗೆ ಮುಟ್ಟಿಸಬೇಕಿತ್ತು. ದಾರಿ ಸುಮಾರು ನಾನೂರ ಅರವತ್ತು ಕಿಲೋಮೀಟರ್.

ಮೇಬಲ್ ಮತ್ತು ನಾನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಆರು ವರ್ಷ ಪಕ್ಕಪಕ್ಕದ ಮಂಚದಲ್ಲಿ ಮಲಗಿದವರು. ಅವಳು ನರ್ಸಿಂಗ್ ಮುಗಿಸಿ ನಾರ್ವೆಗೆ ಬಂದಳು, ಅಲ್ಲಿಯವನನ್ನೇ ಮದುವೆಯಾದಳು. ನಾವು ಕೊನೆಯ ಸಲ ಮುಖ ನೋಡಿದ್ದು ಅವಳ ತಾಯಿ ತೀರಿಕೊಂಡಾಗ, ಒಂದು ಮಧ್ಯಾಹ್ನ. ಅದಾಗಿ ಇಪ್ಪತ್ತಾರು ವರ್ಷ. ಈಗ ಇಬ್ಬರೂ ವಿಡೋಗಳು. ಹದಿನೈದನೆಯ ವಯಸ್ಸಿನಲ್ಲಿ ಒಂದು ಗಾಡ್ ಪ್ರಾಮಿಸ್ ಮಾಡಿಕೊಂಡಿದ್ದೆವು: ಮುದುಕಿಯರಾದ ಮೇಲೆ ಒಂದೇ ಮನೆಯಲ್ಲಿ ಇರುವುದು, ಎರಡು ರೂಮು, ಒಂದು ಅಡುಗೆಮನೆ. ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ಪೂರ್ವದ ಕಿಟಕಿಯ ರೂಮೊಂದನ್ನು ನಾನು ಅವಳ ಹೆಸರಿನಲ್ಲೇ ಕಟ್ಟಿಸಿದೆ. ನನ್ನ ಗಂಡ ಅದಕ್ಕೆ ‘ಮೇಬಲ್ ರೂಮು’ ಎಂದೇ ಹೇಳುತ್ತಿದ್ದರು. ಈ ಸಲ ಸ್ವೀಡನ್ನಿಗೆ ಬರುವಾಗಲೇ ನಿಶ್ಚಯ ಮಾಡಿಕೊಂಡಿದ್ದೆ. ಅವಳನ್ನು ನೋಡಬೇಕು, ನೇರವಾಗಿ ಕೇಳಬೇಕು: ಬರುತ್ತೀಯಾ ಇಲ್ಲವಾ?

ತೊಂಬತ್ತು ದಿನದ ವೀಸಾದಲ್ಲಿ ಎಪ್ಪತ್ತೈದು ದಿನ ಹೀಗೇ ಕಳೆದುಹೋದವು. ಅಳಿಯನಿಗೆ ಕಿಸ್ಟಾದ ಆಫೀಸು, ಸುಮಾಗೆ ಆಫೀಸಿನ ಜೊತೆ ಮಗುವಿನ ಡಾಗಿಸ್, ಅಂದರೆ ಶಿಶುವಿಹಾರ. ಅಷ್ಟು ದೂರ ಬರಿ ಒಂದು ಹಲೋ ಹೇಳಲು ಹೋಗಬೇಕೆ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಆಗ ಮೇಬಲ್ ಫೋನು ಬಂತು. ಮನೆಯ ಮುಂದಿನ ಗಾಜಿನ ವರಾಂಡಕ್ಕೆ ನಮ್ಮೂರಿನ ಹಾಗೆ ಕೆಂಪು ನೆಲ ಹಾಕಿಸುತ್ತೇನೆ, ಸ್ವೀಡನ್ನಿನಲ್ಲಿ ಸಾಮಾನು ಅಗ್ಗ, ಬರುವುದಾದರೆ ಹಾಗೇ ತರುತ್ತೀಯಾ ಎಂದಳು. ಹೊರೆ ಇದೆ ಎಂದ ಕೂಡಲೇ ಪ್ರಯಾಣಕ್ಕೆ ಮರ್ಯಾದೆ ಬಂತು. ಅಳಿಯ ಒಂದೇ ಮಾತು ಹೇಳಿದ್ದು: “ಸಿಮೆಂಟ್ ಹೇರಿದ್ರೆ ಬ್ಯಾಟರಿ ಬೇಗ ಇಳಿಯುತ್ತೆ. ಎರಡು ಕಡೆ ಚಾರ್ಜ್ ಹಾಕಿ, ಅತ್ತೆ.”

ವೆಸ್ಟೆರೋಸ್ ದಾಟುವವರೆಗೆ ಬಿಸಿಲಿತ್ತು. ಹೆದ್ದಾರಿಯ ಎರಡೂ ಕಡೆ ಹೊಲ, ಹೊಲದ ನಡುವೆ ಬಿಳಿ ಅಂಚಿನ ಕೆಂಪು ಮರದ ಮನೆಗಳು. ಆ ಕೆಂಪೂ ಇದೇ ಕಬ್ಬಿಣದ ಕೆಂಪು. ಇವರು ಹೊರಗೋಡೆಗೆ ಬಳಿಯುವುದನ್ನು ನಾವು ಕಾಲ ಕೆಳಗೆ ಹಾಸಿಕೊಳ್ಳುತ್ತೇವೆ. ಹಾಗಾಗಿ ಪುಡಿ ಹುಡುಕಲು ಕಷ್ಟವಾಗಿರಲಿಲ್ಲ. ಸೊಲ್ಲೆಂಟುನಾದ ಬಣ್ಣದ ಅಂಗಡಿಯಲ್ಲೇ ಸಿಕ್ಕಿತು, ಕಾಗದದ ಚೀಲದಲ್ಲಿ. ಕಾಗದದ ಚೀಲ ನನ್ನ ಕಣ್ಣಿಗೆ ಸರಿಕಾಣುವುದಿಲ್ಲ. ಹಿಂದಿನ ದಿನ ಬಾಲ್ಕನಿಯಲ್ಲಿ ಕೂತು ಅದನ್ನೆಲ್ಲ ಐಸ್‌ಕ್ರೀಮ್ ಡಬ್ಬಗಳಿಗೆ ತುಂಬಿ, ಚೀಲವನ್ನು ಮಡಚಿ ರೀಸೈಕ್ಲಿಂಗ್‌ಗೆ ಹಾಕಿದ್ದೆ. ಮೇಬಲ್‌ಗೆಂದು ಮಾಡಿದ ಸಾರಿನ ಪುಡಿಯನ್ನೂ ಚಟ್ನಿಪುಡಿಯನ್ನೂ ಅಂಥವೇ ಇನ್ನೆರಡು ಡಬ್ಬಗಳಿಗೆ ತುಂಬಿದ್ದೆ.

ಓರೆಬ್ರೂ ಹತ್ತಿರ ಕಾರನ್ನು ಚಾರ್ಜಿಗೆ ಹಾಕಿ ಇಲ್ಲಿಯವರು ಫೀಕಾ ಎನ್ನುವ ಕಾಫಿ-ತಿಂಡಿ ಮುಗಿಸಿದೆವು. ಕಾಫಿ ನಲವತ್ತೈದು ಕ್ರೋನ, ದಾಲ್ಚಿನ್ನಿ ಬನ್ನು ಮೂವತ್ತೆಂಟು. ಮನೆಯಿಂದ ತಂದಿದ್ದ ಚಪಾತಿ ರೋಲನ್ನು ಮೇಜಿನ ಕೆಳಗೆ ಬಿಚ್ಚಿದೆ.

“ಅಮ್ಮ, ಮೇಲಿಟ್ಕೊಂಡೇ ತಿನ್ನು. ಯಾರೂ ಏನೂ ಅನ್ನಲ್ಲ.”

“ಸಿಸ್ಟರ್ಸ್ ಕಲಿಸಿದ ಮ್ಯಾನರ್ಸ್ ಕಣೇ, ಸುಲಭಕ್ಕೆ ಹೋಗಲ್ಲ.”

“ಮೇಜಿನ ಕೆಳಗೆ ತಿನ್ನೋದನ್ನ ಸಿಸ್ಟರ್ಸ್ ಕಲಿಸಿದ್ರಾ?” ಎಂದು ನಕ್ಕಳು. ಆಮೇಲೆ ಕಪ್ಪನ್ನು ತಿರುಗಿಸುತ್ತ ಮೆಲ್ಲಗೆ ಕೇಳಿದಳು. “ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡ. ಬಿಟ್ಟು ಹೋಗೋ ಮನೆಗೆ ಯಾರಾದ್ರೂ ಹೊಸ ನೆಲ ಹಾಕಿಸ್ತಾರಾ?”

“ಮಾರೋಕೆ ಮುಂಚೆ ಹಾಕಿಸ್ತಾರೆ,” ಎಂದೆ. “ರೀಸೇಲ್ ವ್ಯಾಲ್ಯೂ.”

“ನಾರ್ವೇಲಿ ರೆಡ್ ಆಕ್ಸೈಡ್‌ಗೆ ರೀಸೇಲ್ ವ್ಯಾಲ್ಯೂ!” ಎಂದು ಅವಳು ಕಪ್ಪು ಖಾಲಿ ಮಾಡಿದಳು. ನನಗೆ ಬನ್ನಿನ ಉಳಿದ ಅರ್ಧ ಸೇರಲಿಲ್ಲ.

ಕಾರ್ಲ್‌ಸ್ಟಾಡ್ ಹತ್ತಿರ ಮಳೆ ಹಿಡಿಯಿತು. ಹನ್ನೊಂದು ಡಿಗ್ರಿ. ದೊಡ್ಡ ಕೆರೆಯೊಂದು ಒಮ್ಮೆ ಎಡಕ್ಕೆ ಕಂಡು ಮಾಯವಾಯಿತು. ಆಮೇಲೆ ಬರಿ ಕಾಡು, ಸ್ಪ್ರೂಸು ಮತ್ತು ಬರ್ಚು, ‘ಎಲ್ಕ್ ದಾಟುತ್ತವೆ’ ಎಂಬ ಹಳದಿ ಬೋರ್ಡು. ಎಲ್ಕ್ ಒಂದೂ ದಾಟಲಿಲ್ಲ. ಇನ್ನೊಮ್ಮೆ ಚಾರ್ಜು ಹಾಕಿ ಗಡಿಯ ಊರಾದ ಟೋಕ್ಸ್‌ಫೋರ್ಸ್ ತಲುಪುವಾಗ ಮೂರೂವರೆ. ಅಲ್ಲಿನ ಶಾಪಿಂಗ್ ಸೆಂಟರಿನ ಮುಂದೆ ನಾರ್ವೆಯ ಕಾರುಗಳ ಜಾತ್ರೆ. ಎಲ್ಲರೂ ಮಾಂಸ, ಸೋಡಾ, ಮಿಠಾಯಿಗಳನ್ನು ಕಾರಿಗೆ ಒತ್ತಿ ತುಂಬುತ್ತಿದ್ದರು. ಸಿಮೆಂಟಿನವರು ನಾವೊಬ್ಬರೇ.

ಗಡಿಯಲ್ಲಿ ಎರಡು ಲೇನು. ಸಾಮಾನಿನ ಬಗ್ಗೆ ಹೇಳಿಕೊಳ್ಳುವುದೇನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ಸುಮಾ ರೂಲ್ಸಿನ ಹುಡುಗಿ, ಕೆಂಪಿಗೇ ತಿರುಗಿಸಿದಳು. ಕಸ್ಟಮ್ಸ್ ಅಧಿಕಾರಿ ಸುಮಾಳಿಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹಳದಿ ಜಾಕೆಟ್ಟು, ಎಳೆದು ಕಟ್ಟಿದ ಜುಟ್ಟು. ಸಿಮೆಂಟ್ ಮೂಟೆಗಳನ್ನು ತಟ್ಟಿ ನೋಡಿ ತಲೆಯಾಡಿಸಿದಳು. ಆಮೇಲೆ ಒಂದು ಐಸ್‌ಕ್ರೀಮ್ ಡಬ್ಬ ತೆರೆದಳು. ಒಳಗೆ ಗಾಢ ಕೆಂಪು ಪುಡಿ. ಇನ್ನೊಂದು ತೆರೆದಳು, ಅದೇ. ಮೂರನೆಯದೂ ಅದೇ. ಮೇಲೆ ಮಾತ್ರ ವೆನಿಲ್ಲಾ, ಚಾಕೊಲೇಟ್, ಪೇರ್ ಎಂಬ ಚಿತ್ರಗಳು.

“ಇದೇನು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ನೆಲಕ್ಕೆ ಹಾಕುವ ಬಣ್ಣ,” ಎಂದಳು ಸುಮಾ. ಅಷ್ಟರಲ್ಲಿ ಅಧಿಕಾರಿ ನಾಲ್ಕನೆಯ ಡಬ್ಬದ ಮೇಲೆ ಬಗ್ಗಿದ್ದಳು. ಅದು ಸಾರಿನ ಪುಡಿ. ಮೂರು ಸಲ ಸೀನಿದಳು.

“ಅಯ್ಯೋ, ಅದು ಊಟಕ್ಕೆ!” ಎಂದೆ ನಾನು.

“ಯಾವುದು ಊಟಕ್ಕೆ, ಯಾವುದು ನೆಲಕ್ಕೆ?”

ಸುಮಾ ನನ್ನ ಕಡೆ ತಿರುಗಿದಳು. “ಅಮ್ಮ, ಲೇಬಲ್ ಹಚ್ಚಿಲ್ವಾ?”

“ಮೂಸಿದ್ರೆ ಗೊತ್ತಾಗುತ್ತಲ್ಲೇ.”

“ಮೂಸಿದ್ದಾರೆ, ಕಾಣಿಸ್ತಾ ಇದೆಯಲ್ಲ! ಚೀಲ ಎಲ್ಲಿ? ಬಿಲ್ಲು?”

ಕಣ್ಣೊರೆಸಿಕೊಂಡ ಅಧಿಕಾರಿ ಸೌಜನ್ಯದಿಂದಲೇ ವಿವರಿಸಿದಳು. ಲೇಬಲ್ ಇಲ್ಲದ ಪುಡಿಯನ್ನು ಹಾಗೆ ಬಿಡಲು ಬರುವುದಿಲ್ಲ. ಏನೆಂದು ತೋರಿಸುವ ಅಂಗಡಿಯ ಚೀಟಿ ಇದ್ದರೆ ಸರಿ. ಇಲ್ಲವಾದರೆ ಒಂಬತ್ತು ಡಬ್ಬ ಇಲ್ಲೇ ಉಳಿಯುತ್ತವೆ, ನೀವು ಮುಂದೆ ಹೋಗಬಹುದು.

ಚೀಟಿ ನನ್ನ ಪರ್ಸಿನಲ್ಲಿತ್ತು. ಬಿಲ್ಲು ಎಸೆಯುವುದು ನನ್ನ ಜಾಯಮಾನದಲ್ಲಿಲ್ಲ. ಆದರೆ ಅದು ಸುಮಾಗೆ ಗೊತ್ತಿರಲಿಲ್ಲ, ಚೀಲದ ಜೊತೆಗೇ ಹೋಯಿತೆಂದು ತಿಳಿದಿದ್ದಳು. ನಾನು ಬಾಯಿ ತೆರೆಯಲಿಲ್ಲ. ಪುಡಿ ಇಲ್ಲದಿದ್ದರೆ ಕೆಂಪು ನೆಲವಿಲ್ಲ. ನೆಲವಿಲ್ಲದಿದ್ದರೆ ಮೇಬಲ್ ಇನ್ನೂ ಎಲ್ಲಿಗಾದರೂ ಹೊರಡಬಹುದಾದ ಮೇಬಲ್. ಸುಮಾ ಫೋನಿನಲ್ಲಿ ಬಿಲ್ಲು ಹುಡುಕುತ್ತಿದ್ದಳು. ನಾನು ಪರ್ಸನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಗಾಜಿನ ಮೇಲೆ ಇಳಿಯುವ ಮಳೆಯನ್ನು ನೋಡುತ್ತ ಕೂತೆ. ಎಣಿಸಿದರೆ ಎರಡು ನಿಮಿಷ ಇರಬಹುದು. ಅಷ್ಟು ಸಣ್ಣವಳಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಅಧಿಕಾರಿ ಕಿಟಕಿಯ ಹತ್ತಿರ ಬಗ್ಗಿದಳು. ಕುತೂಹಲವೇ ಇರಬೇಕು. “ಈ ನೆಲವನ್ನು ಹಾಕುವವರು ಯಾರು?”

“ನಾನು ಹೇಳಿಕೊಡುತ್ತೇನೆ. ನನ್ನ ಮನೆಯ ನೆಲ ಹಾಕುವಾಗ ಮೇಸ್ತ್ರಿಯ ಪಕ್ಕದಲ್ಲೇ ಮೂರು ದಿನ ಕೂತಿದ್ದವಳು ನಾನು,” ಎಂದುಬಿಟ್ಟೆ. ಮಾತಿನಲ್ಲಿ ಜಂಬವಿತ್ತು, ನನಗೇ ಕೇಳಿಸಿತು. ಅಷ್ಟು ಹೇಳಿದ ಮೇಲೆ ಪರ್ಸು ತೆರೆಯದೆ ಇರಲು ಆಗಲಿಲ್ಲ. ಚೀಟಿ ನೋಡಿದ ಸುಮಾ, “ಇಷ್ಟೊತ್ತು?” ಎಂದಳು.

ಮೇಬಲ್ ಮನೆ ಗಡಿ ಚೌಕಿಯಿಂದ ಗಡಿಗುಂಟ ಮೂವತ್ತು ಕಿಲೋಮೀಟರ್, ಒಂದು ಕೆರೆಯ ದಂಡೆಯಲ್ಲಿ. ಆಚೆ ಕಾಣುವ ಗುಡ್ಡಗಳು ಸ್ವೀಡನ್ನಿನವು. ಅವಳು ಗೇಟಿನಲ್ಲೇ ನಿಂತಿದ್ದಳು, ರಬ್ಬರ್ ಬೂಟು, ಕತ್ತರಿಸಿದ ಬಿಳಿ ಕೂದಲು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ವಿಮ್ಮಿ! ಎಷ್ಟು ದಪ್ಪ ಆಗಿದೀಯೇ!”

“ನೀನೇನು ಕಡ್ಡಿಯಾ? ಕನ್ನಡ ಮಾತ್ರ ಹಾಗೇ ಇಟ್ಕೊಂಡಿದೀಯ.”

“ಹಸುಗಳ ಹತ್ರ ಮಾತಾಡ್ತೀನಿ ಕಣೆ. ಪಕ್ಕದ ಮನೆ ಹಸುಗಳಿಗೆಲ್ಲ ಮೈಸೂರು ಕನ್ನಡ ಬರುತ್ತೆ.”

ಅವತ್ತು ಕೇಳಲಿಲ್ಲ. ಸಾರು ಮಾಡಿದೆವು, ಅನ್ನ ಮಾಡಿದೆವು. ಹತ್ತು ಗಂಟೆಯಾದರೂ ಇಳಿಯದ ಬೆಳಕಿನಲ್ಲಿ ಹಾಸ್ಟೆಲಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದೆವು. ಅರ್ಧಕ್ಕರ್ಧ ಜನ ಈಗಿಲ್ಲ.

ಶನಿವಾರ ಎಂಟಕ್ಕೆ ಪಕ್ಕದ ಮನೆಯ ಓಲಾಫ್ ಬಂದ. ಎಪ್ಪತ್ತು ದಾಟಿದ ಗಾರೆ ಕೆಲಸದವನು. ಕಾಂಕ್ರೀಟಿನ ತಳ ಅವನೇ ಹಾಕಿದ್ದ. ಒಂದು ಪಾಲು ಕೆಂಪಿಗೆ ಹತ್ತು ಪಾಲು ಸಿಮೆಂಟ್ ಎಂದು ನಾನು ಹೇಳಿದಾಗ ಹುಬ್ಬೇರಿಸಿದ. ಹಸಿ ಗಾರೆಯ ಮೇಲೆ ಒಣಪುಡಿ ಉದುರಿಸಿ, ನೀರು ಹೀರುವ ಹದ ನೋಡಿ, ಉಕ್ಕಿನ ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕೆಂದಾಗ ಕರಣೆಯನ್ನು ನನ್ನ ಕೈಗೇ ಕೊಟ್ಟ. ಮೊಣಕಾಲ ಕೆಳಗೆ ದಿಂಬು ಇಟ್ಟುಕೊಂಡು ಬಾಗಿಲ ಬಳಿಯ ಎರಡು ಅಡಿ ಉಜ್ಜಿ ತೋರಿಸಿದೆ. ಮಂಕು ಕೆಂಪು ನಿಧಾನಕ್ಕೆ ಹೊಳಪಿಗೆ ತಿರುಗಿತು. ಓಲಾಫ್ ಏನೋ ಗೊಣಗಿದ.

“ಚಳಿಗಾಲಕ್ಕೆ ಬಿರುಕು ಬಿಡುತ್ತಂತೆ,” ಎಂದು ಮೇಬಲ್ ಹೇಳಿದಳು. “ನೆಲ ನಂದು, ಬಿಡ್ಲಿ ಅಂದೆ.”

ಮಧ್ಯಾಹ್ನ ಓಲಾಫ್ ಊಟಕ್ಕೆ ಹೋದಾಗ ನಾವಿಬ್ಬರೇ ಮೆಟ್ಟಿಲ ಮೇಲೆ ಕೂತೆವು. ಇಬ್ಬರ ಕೈಯೂ ಮೊಣಕೈವರೆಗೆ ಕೆಂಪು. ಆಗ ಕೇಳಿದೆ.

“ಮೇಬಲ್, ನಿನ್ನ ರೂಮು ಹಾಗೇ ಇದೆ. ಬರ್ತೀಯೇನೇ?”

ಅವಳು ಉಗುರಿನ ಸಂದಿಯ ಸಿಮೆಂಟ್ ಕೆರೆಯುತ್ತಿದ್ದಳು. “ನಾನು ಅಲ್ಲಿ ಗೆಸ್ಟ್ ಕಣೆ, ವಿಮ್ಮಿ. ನಿನ್ನ ಗೆಸ್ಟ್, ಆದ್ರೂ ಗೆಸ್ಟೇ. ಇಲ್ಲಿ ಬೆಳಿಗ್ಗೆ ಎದ್ರೆ ಯಾವ ಕಡೆ ತಿರುಗಬೇಕು ಅಂತ ಕಾಲಿಗೆ ಗೊತ್ತು. ಆ ನೆಲದ ತಂಪು ಒಂದು ಬೇಕು ಅನ್ನಿಸ್ತು, ತರಿಸ್ಕೊಂಡೆ. ಉಳಿದ ನಾನು ಇಲ್ಲೇ ಸರಿಯಾಗಿದೀನಿ.”

“ಬಾರ್ಡರಿನಲ್ಲಿ ಚೀಟಿ ಬಚ್ಚಿಟ್ಟಿದ್ದೆ,” ಎಂದು ಒಪ್ಪಿಕೊಂಡೆ. “ಪುಡಿ ಅಲ್ಲೇ ಉಳೀಲಿ ಅಂತ.”

“ಕಳ್ಳಿ!” ಎಂದು ಭುಜಕ್ಕೆ ಬಡಿದಳು. ನನ್ನ ಬಿಳಿ ಸ್ವೆಟರಿನ ಮೇಲೆ ಐದು ಬೆರಳು ಮೂಡಿದವು. ನಗುತ್ತಲೇ ಹೇಳಿದಳು, “ಪುಡಿ ಬರದಿದ್ರೆ ಗ್ರೇ ಫ್ಲೋರ್ ಹಾಕಿಸ್ತಿದ್ದೆ, ಅಷ್ಟೆ.”

ಅಷ್ಟೆ. ಐವತ್ತು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ, ಊಟದ ಬಿಡುವಿನಲ್ಲಿ ಮುಗಿಯಿತು. ಓಲಾಫ್ ವಾಪಸು ಬಂದ. ಕೆಲಸ ಬಾಕಿಯಿತ್ತು. ಸಂಜೆ ಐದರವರೆಗೆ ಉಜ್ಜಿದೆವು. ನಾನು ಅತ್ತೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ, ಮುಖವೆಲ್ಲ ಬೆವರಾಗಿತ್ತು.

ಭಾನುವಾರ ಬೆಳಿಗ್ಗೆ ನೆಲ ಗಟ್ಟಿಯಾಗಿತ್ತು. ಇನ್ನು ಹತ್ತು ದಿನ ಅದರ ಮೇಲೆ ನೀರು ಆರದಂತೆ ನೋಡಿಕೊಳ್ಳಬೇಕು, ಅಲ್ಲಿಯವರೆಗೆ ಕಾಲಿಡುವ ಹಾಗಿಲ್ಲ. ನನ್ನ ವೀಸಾದಲ್ಲಿ ಉಳಿದದ್ದು ಒಂಬತ್ತು ದಿನ. ಸುಮಾ ಇದನ್ನು ಲೆಕ್ಕ ಹಾಕಿದಳೆಂದು ಕಾಣುತ್ತದೆ, ನನ್ನ ಬ್ಯಾಗನ್ನು ತಾನೇ ಎತ್ತಿಕೊಂಡಳು.

ತಬ್ಬಿಕೊಳ್ಳುವುದು ಅಡುಗೆಮನೆಯ ಹಿಂಬಾಗಿಲಲ್ಲೇ ಆಯಿತು. ನಾವು ಮನೆ ಸುತ್ತಿ ಕಾರಿಗೆ ಬರುವಷ್ಟರಲ್ಲಿ ಮೇಬಲ್ ಒಳಗಿನಿಂದ ವರಾಂಡದ ಬಾಗಿಲಿಗೆ ಬಂದಿದ್ದಳು, ಕೈಯಲ್ಲಿ ಹೂಗಿಡಕ್ಕೆ ನೀರು ಹಾಕುವ ಡಬ್ಬ. ನಮ್ಮಿಬ್ಬರ ನಡುವೆ ಗಾಜು, ಗಾಜಿನಾಚೆ ಎಂಬತ್ತು ಚದರಡಿ ಒದ್ದೆ ಕೆಂಪು. ಹೊಸ್ತಿಲಲ್ಲಿ ನಿಂತು ಅವಳು ನೀರು ಚಿಮುಕಿಸಲು ಶುರುಮಾಡಿದಳು. ನೋಡಿದರೆ ಮಧ್ಯಕ್ಕೇ ಸುರಿಯುತ್ತಿದ್ದಾಳೆ. ಕಾರಿನ ಕಿಟಕಿ ಇಳಿಸಿದೆ.

“ಮೂಲೆಗೂ ಹಾಕೇ, ಮೇಬಲ್! ಮೂಲೆ ಮೊದಲು ಒಣಗುತ್ತೆ!”

ಕೇಳಿಸಿತು. ಕೈ ಎತ್ತಿದಳು. ಸುಮಾ ಕಾರು ತಿರುಗಿಸಿದಳು. ಬರ್ಚ್ ಮರಗಳು ಅಡ್ಡ ಬರುವವರೆಗೂ ಕತ್ತು ಹೊರಳಿಸಿ ನೋಡಿದೆ. ಮೇಬಲ್ ಮತ್ತೆ ತಲೆ ಎತ್ತಲಿಲ್ಲ. ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಆದಷ್ಟು ಬಗ್ಗಿ, ದೂರದ ಮೂಲೆಗೆ ನೀರು ಹಾಕುತ್ತಿದ್ದಳು.