ಬಾನೆಟ್ ಮೇಲಿನ ಗೀರು

ಕೆಸರೆಯ ನಮ್ಮ ಮನೆಗೆ ಕಾರು ನಿಲ್ಲಿಸುವಷ್ಟು ಜಾಗವಿಲ್ಲ. ಗೇಟಿನ ಪಕ್ಕ, ರಸ್ತೆಯಲ್ಲೇ ನಿಲ್ಲುತ್ತದೆ. ವಾರಪೂರ್ತಿ ನಾನು ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವವನು. ಕಾರು ಹೊರಡುವುದು ಭಾನುವಾರ ಮಾತ್ರ. ನಲವತ್ತು ದಾಟಿದ ಮೇಲೆ ಕೊಂಡ ಮೊದಲ ಕಾರು, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ. ಆಯುಧಪೂಜೆ ಕಳೆದ ಮುಂದಿನ ವಾರ ಬಾನೆಟ್ ತುಂಬ ಗೀರುಗಳನ್ನು ಕಂಡಾಗ ಮೈಯೆಲ್ಲ ಉರಿದುಹೋಯಿತು.

ಗುಮಾನಿ ಎದುರುಮನೆಯವರ ಮೇಲೆ. ಅವರ ಸ್ಕೂಟರು ದಿನವೂ ನನ್ನ ಕಾರಿನ ಮೂತಿಗೆ ಅಂಟಿಕೊಂಡ ಹಾಗೇ ನಿಲ್ಲುತ್ತಿತ್ತು. ಹೋಗಿ ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ರೇಗಾಡಿದೆ ಅನ್ನಬೇಕು.

"ನಾವ್ಯಾಕೆ ಸಾರ್ ಗೀಚಕ್ ಹೋಗಣ?" ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಾಕ್ಷಿ ಹಿಡಿದೇ ತೀರುತ್ತೇನೆಂದು ಉದಯಗಿರಿಯ ಮೆಕ್ಯಾನಿಕ್ ಹತ್ತಿರ ಡ್ಯಾಶ್‌ಕ್ಯಾಮ್ ಹಾಕಿಸಿದೆ. ಕಾರು ನಿಂತಿದ್ದರೂ ಬ್ಯಾಟರಿಯಿಂದ ನಡೆಯುವಂತೆ ಅವನು ವೈರ್ ಎಳೆದುಕೊಟ್ಟ. ಮುಂದೆ ಯಾರಾದರೂ ಸುಳಿದಾಡಿದರೆ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ, ಫೋನಿನಲ್ಲಿ ನೋಡಬಹುದು.

ನಾಲ್ಕನೆಯ ದಿನ ಸಿಕ್ಕಿಬಿದ್ದವಳು ನನ್ನ ಅಮ್ಮ.

ಬೆಳಗಿನ ರಂಗೋಲಿ ಮುಗಿಸಿದವಳು ತೆಂಗಿನ ನಾರಿಗೆ ಪಾತ್ರೆ ತೊಳೆಯುವ ಪುಡಿ ಹಚ್ಚಿಕೊಂಡು ಬಾನೆಟ್ಟನ್ನು ಉಜ್ಜುತ್ತಿದ್ದಳು. ಶುಕ್ರವಾರ ದೇವರ ಹಿತ್ತಾಳೆ ದೀಪಗಳನ್ನು ಉಜ್ಜುವ ಹಾಗೆಯೇ, ಸುತ್ತಿ ಸುತ್ತಿ, ಕೈಸೋಲದೆ.

"ಅರಿಶಿನ ಕುಂಕುಮ ಇಟ್ಟಿರೋ ಗಾಡಿ ಕಣಪ್ಪ, ಕಾಗೆ ಗಲೀಜ್ ಮಾಡಿತ್ತು. ಆವತ್ತೂ ತೊಳ್ದಿದ್ದೆ, ಇವತ್ತೂ ತೊಳ್ದ್‌ಬುಟ್ಟೆ," ಅಂದಳು.

ನಕ್ಕುಬಿಡಬೇಕಾದ ಮಾತು ಅದು. ಆದರೆ ಎದುರುಮನೆಯವರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂಬ ಸಿಟ್ಟು ನನ್ನದು. ತಪ್ಪು ನನ್ನದಲ್ಲ ಎಂದು ತೋರಿಸಲು ಅವರನ್ನು ಗೇಟಿಗೆ ಕರೆದು ಫೋನು ಹಿಡಿದೆ. ಅಮ್ಮ ಅಲ್ಲೇ, ಒಲೆಯ ಮುಂದಿನಿಂದ ಬಂದವಳು, ಸೌಟು ಹಿಡಿದು ನಿಂತಿದ್ದಳು. "ತಾಯಿ ಅಲ್ವಾ ಸಾರ್, ಬುಡಿ," ಎಂದು ಅವರು ಮುಖ ಬೇರೆ ಕಡೆ ತಿರುಗಿಸಿದರು. ಹೊರಗಿನವರಿಗಿದ್ದಷ್ಟು ಬುದ್ಧಿಯೂ ನನಗಿರಲಿಲ್ಲ.

"ಇನ್ಮೇಲೆ ಕಾರ್ ಹತ್ರ ಬರ್ಬೇಡಮ್ಮ. ನಿನ್ ಸೆರಗೂ ತಾಗ್ಬಾರ್ದು," ಅಂದೆ.

"ಆಯ್ತು ಕಣಪ್ಪ," ಅಂದಳು.

ಅಂದಿನಿಂದ ಅವಳು ಕಾರಿನಲ್ಲಿ ಕೂರಲಿಲ್ಲ. ಭಾನುವಾರ ಹಿನಕಲ್‌ನಲ್ಲಿರುವ ತಂಗಿಯ ಮನೆಗೆ ಹೊರಟರೆ, "ನೀವ್ ನಡೀರಿ, ನಾನ್ ಬಸ್ಸಲ್ಲಿ ಬತ್ತೀನಿ," ಎನ್ನುವಳು. ಮುನಿಸು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ. ತಪ್ಪಾಯಿತು ಎಂದು ಅಮ್ಮನಿಗೆ ಹೇಳುವುದು ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ನಾನೂ ಹೇಳಲಿಲ್ಲ. ತಿಂಗಳುಗಳು ಹಾಗೇ ಹೋದವು.

ಒಂದು ಮಂಗಳವಾರ ಹನ್ನೊಂದರ ಹೊತ್ತಿಗೆ ಹೆಂಡತಿ ಫೋನು ಮಾಡಿದಳು. ಅಮ್ಮನಿಗೆ ಎದೆನೋವು. ಕಾರು ಓಡಿಸಲು ಬರುವುದು ನನಗೊಬ್ಬನಿಗೆ. ಈಗಲೇ ಬಂದು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲವಂತೆ. "ಕಾರೆಲ್ಲ ಬ್ಯಾಡ, ಆಟೋ ಕರಿಯವ್ವ," ಅಂದಳಂತೆ. ನಾನು ನೇರ ಆಸ್ಪತ್ರೆಗೆ ಹೋದೆ. ಸಂಜೆಯ ಹೊತ್ತಿಗೆ ಅಮ್ಮ ಇರಲಿಲ್ಲ.

ಮಾರನೆಯ ದಿನ ಮನೆ ತುಂಬ ಜನ. ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಯಾರ ಮುಖ ನೋಡಲೂ ಆಗದೆ ಕಾರಿನೊಳಗೆ ಹೋಗಿ ಕೂತೆ. ಆಗ ನೆನಪಾಯಿತು, ಅವಳು ಹೊರಟದ್ದನ್ನು ಕ್ಯಾಮೆರಾ ನೋಡಿರಬೇಕು. ಫೋನು ತೆರೆದು ಹುಡುಕಿದೆ.

ಸಿಕ್ಕಿತು. ಆ ಬೆಳಿಗ್ಗೆ ಅವಳೇ ಹಾಕಿದ ರಂಗೋಲಿ ಗೇಟಿನ ಮುಂದೆ ಇನ್ನೂ ಅಳಿಸಿಲ್ಲ. ಆಟೋ ಕಾರಿನಾಚೆ ನಿಂತಿದೆ. ಅಮ್ಮ ಒಂದು ಕೈಯನ್ನು ನನ್ನ ಹೆಂಡತಿಯ ಹೆಗಲ ಮೇಲೆ, ಇನ್ನೊಂದನ್ನು ಎದೆಯ ಮೇಲೆ ಇಟ್ಟುಕೊಂಡು ಬರುತ್ತಾಳೆ. ಬಾನೆಟ್ಟಿಗೂ ಎದುರುಮನೆಯವರ ಸ್ಕೂಟರಿಗೂ ನಡುವೆ ಒಬ್ಬರು ದಾಟುವಷ್ಟೇ ದಾರಿ. ಅಲ್ಲಿ ನಿಂತಳು. ಹೆಂಡತಿ ಮುಂದೆ ಹೋಗಿ ಕೈ ಚಾಚಿದಳು. ಅಮ್ಮ ಆ ಕೈ ಹಿಡಿಯಲಿಲ್ಲ. ಎದೆಯ ಮೇಲಿದ್ದ ಕೈ ತೆಗೆದು, ಗಾಳಿಗೆ ಹಾರುತ್ತಿದ್ದ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, ಕಾರಿಗೆ ಎಲ್ಲೂ ತಾಗದಂತೆ, ಅಡ್ಡಡ್ಡ ಹೆಜ್ಜೆ ಇಟ್ಟು ದಾಟಿ ಹೋಗಿ ಆಟೋ ಹತ್ತಿದಳು.