ನಾಲ್ಕನೆಯ ಬಣ್ಣದ ಮುಂದೆ ಡಾ. ದಲೀಲಾ ಗರ್ಗೂರಿ

ದೇಹದಲ್ಲಿ ಬೆಳೆದ ಕ್ಯಾನ್ಸರ್ ಗೆಡ್ಡೆಯನ್ನು ಕೊಯ್ಯದೆಯೇ ಅದರೊಳಗೆ ಯಾವ ಭಾಗ ಬದುಕಿದೆ, ಯಾವುದು ಸತ್ತಿದೆ ಎಂದು ಅರಿಯುವ ವಿದ್ಯೆಯಲ್ಲಿ ಸ್ಫಾಕ್ಸ್ ನಗರದ ಡಾ. ದಲೀಲಾ ಗರ್ಗೂರಿಯವರದು ಮೊದಲ ಸಾಲಿನ ಹೆಸರು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಪದವಿ, ಪುರಸ್ಕಾರಗಳನ್ನು ಕುರಿತು ಬಲ್ಲವರು ಬರೆದಾರು. ಇಲ್ಲಿರುವುದು ಅವರ ಶಿಷ್ಯ ಹೈಥಮ್ ದಿಕ್ಕೆಟ್ಟು ಕೂತಿದ್ದ ಒಂದು ವಾರದ ಸಂಗತಿ.

ಸೇವೆಯ ಮೊದಲ ವರ್ಷಗಳಲ್ಲಿ, ಎಂಆರ್‌ಐ ಯಂತ್ರದ ಸದ್ದಿಗೆ ಅಂಜಿದ ರೋಗಿಗಳ ಪಾದ ಹಿಡಿದು ಮುಗಿಯುವವರೆಗೂ ನಿಂತೇ ಇರುತ್ತಿದ್ದ ವೈದ್ಯೆ ಅವರು. ಅಂಗಾಂಶದಲ್ಲಿ ನೀರು ಹೇಗೆ ಹರಿದಾಡುತ್ತದೆಂದು ಅಳೆಯುವ ವಿಧಾನ ಬಂದಾಗ ಅದನ್ನು ಇಲ್ಲಿ ನೆಲೆಗೊಳಿಸಿದವರೂ ಅವರೇ. ಜೀವಕೋಶಗಳು ಒತ್ತೊತ್ತಾಗಿದ್ದಲ್ಲಿ ನೀರು ಸಿಕ್ಕಿಕೊಳ್ಳುತ್ತದೆ, ಕೋಶಗಳು ಸತ್ತಲ್ಲಿ ಸಲೀಸಾಗಿ ಸರಿದಾಡುತ್ತದೆ. ಈ ಅಳತೆಗಳಲ್ಲಿ ಒಂದನ್ನೊಂದು ಹೋಲುವವನ್ನು ಬದುಕಿದ್ದು, ಸತ್ತದ್ದು, ಬರಿ ನೀರು ಎಂದು ಮೂರು ಗುಂಪು ಮಾಡಿ ಗುಂಪಿಗೊಂದು ಬಣ್ಣ ಕೊಡುವ ಲೆಕ್ಕವನ್ನು ಹೈಥಮ್ ಕಂಪ್ಯೂಟರಿಗೆ ಕಲಿಸಿದ್ದ.

ಕರ್ಕೆನಾ ದ್ವೀಪದಲ್ಲಿ ಆಕ್ಟೋಪಸ್ ಹಿಡಿಯುತ್ತಿದ್ದ ಮಬ್ರೂಕ್ ಎಂಬ ಹಿರಿಯರ ತೊಡೆಯ ಗೆಡ್ಡೆ ವಿಕಿರಣ ಚಿಕಿತ್ಸೆಯ ನಂತರ ಕುಗ್ಗುವ ಬದಲು ಹಿಗ್ಗಿತ್ತು. ಕಾಲು ತೆಗೆಯುವುದೆಂದು ಶಸ್ತ್ರವೈದ್ಯರು ಬಹುತೇಕ ತೀರ್ಮಾನಿಸಿದ್ದರು. ಹೈಥಮ್‌ನ ಚಿತ್ರದಲ್ಲಾದರೋ ಹೆಚ್ಚಿನ ಪಾಲು ಸತ್ತಂತೆ ಕಂಡಿತು. ಊದಿದ್ದು ಸತ್ತ ಅಂಗಾಂಶವಷ್ಟೇ, ಕಾಲು ಉಳಿದೀತು ಎಂದು ಅವನಿಗೆ ಖುಷಿಯಾಯಿತು. ಮರುದಿನ ಅದೇ ಲೆಕ್ಕ ಮಾಡಿದರೆ ಗುಂಪುಗಳ ಗಡಿ ಸರಿದಿತ್ತು. ಮೂರರ ಬದಲು ನಾಲ್ಕು ಗುಂಪು ಕೇಳಿದಾಗ ಎಲುಬಿನ ಪಕ್ಕದಲ್ಲಿ ಹೊಸದೊಂದು ತುಣುಕು ಎದ್ದು ನಿಂತಿತು. ಬದುಕಿದ್ದೂ ಅಲ್ಲ, ಸತ್ತಿದ್ದೂ ಅಲ್ಲ, ಬರಿ ನೀರೂ ಅಲ್ಲ. ಯಾವ ಚಿತ್ರವನ್ನು ನಂಬುವುದೆಂದು ತಿಳಿಯದೆ ಅವನಿಗೆ ತಲೆ ಕೆಟ್ಟುಹೋಯಿತು.

"ಮೇಡಮ್, ಮೂರೇ ಗುಂಪು ಅಂತ ತೋರಿಸಿಬಿಡ್ಲಾ?"

"ನಿನಗೆ ಅರ್ಥ ಆಗ್ಲಿಲ್ಲ ಅಂದ್ರೆ ಅವರ ಕಾಲಲ್ಲಿರೋದು ಎದ್ದು ಹೋಗುತ್ತೇನಪ್ಪಾ?"

"ಹಾಗಾದ್ರೆ ಅದೇನು?"

"ನಂಗೂ ಗೊತ್ತಿಲ್ಲ."

ಗುರುಗಳ ಬಾಯಿಂದ ಬಂದ ಆ ಮಾತು ಅವನನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ಆದರೆ ದಲೀಲಾ ಅವರು ಅದನ್ನೇ ಶಸ್ತ್ರವೈದ್ಯರ ಸಭೆಯಲ್ಲೂ ಹೇಳಿ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಲು ಹತ್ತು ದಿನದ ಅವಕಾಶ ಬೇಡಿದರು. ಮಬ್ರೂಕರ ಮಂಚದ ಪಕ್ಕ ಕೂತು ಅವರಿಗೂ ಹೇಳಿದರು.

"ಗೊತ್ತಿಲ್ಲ ಅನ್ನೋಕೆ ಇಷ್ಟು ಓದ್ಬೇಕಾ, ಡಾಕ್ಟ್ರಮ್ಮಾ?" ಎಂದು ಮಬ್ರೂಕ್ ನಕ್ಕರು. ಆಮೇಲೆ ಮೆಲ್ಲಗೆ, "ಸೂಜಿ ಹಾಕಿ ನೋಡಿ. ಕಾಲಿಲ್ದೆ ನಾನು ದೋಣೀಲಿ ನಿಲ್ಲೋದು ಹೇಗೆ?" ಎಂದರು.

ಆ ತುಣುಕಿಗೂ ಗೆಡ್ಡೆಯ ಬೇರೆ ಕೆಲವು ಕಡೆಗೂ ಗುರಿಯಿಟ್ಟು ಸೂಜಿ ಇಳಿಸಿದರು. ಉಳಿದೆಡೆ ಎಲ್ಲವೂ ಸತ್ತಿತ್ತು. ಅಲ್ಲಿ ಮಾತ್ರ ಹಳೆಯ ರಕ್ತದ ನಡುವೆ ಜೀವಂತ ಕೋಶಗಳು ಅಡಗಿದ್ದವು. ಅಷ್ಟನ್ನು, ಸುತ್ತಲಿನ ಅಂಚಿನೊಡನೆ, ತೆಗೆದರು. ಕಾಲು ಉಳಿಯಿತು.

ಒಗಟು ಬಿಡಿಸಿದೆನೆಂದು ಹೈಥಮ್ ಬೀಗಿದ. ಮುಂದಿನ ರೋಗಿಯಲ್ಲಿ ಅದೇ ಬಣ್ಣ ಬರಿಯ ರಕ್ತವಾಗಿತ್ತು. ಅದರ ನಂತರದವರಲ್ಲಿ ಏನೆಂದು ಸೂಜಿಗೂ ತಿಳಿಯಲಿಲ್ಲ. ದಲೀಲಾ ಅವರು ತಮ್ಮ ಪ್ರಬಂಧದಲ್ಲಿ ಆ ಬಣ್ಣದ ಎದುರು 'ನಿರ್ಧಾರವಾಗಿಲ್ಲ' ಎಂದೇ ಬರೆದರು. ಪತ್ರಿಕೆಯೊಂದು ಎರಡು ಬಾರಿ ಹಿಂದಿರುಗಿಸಿದರೂ ಆ ಪದವನ್ನು ಅವರು ತೆಗೆಯಲಿಲ್ಲ.

ಕೊನೆಯ ದಿನ ಕೋಣೆ ಖಾಲಿ ಮಾಡುತ್ತಾ ಅವರು ಹೈಥಮ್‌ಗೆ ಹೇಳಿದರಂತೆ: "ಗುರುವಾರ ಮನೆಗೆ ಬಾ, ಉಪ್ಪುಮೀನು ಮಾಡಿರ್ತೀನಿ. ಅರ್ಥ ಆಗಿರೋ ಚಿತ್ರಗಳನ್ನ ತರ್ಬೇಡ. ಅವುಗಳಿಂದ ನಂಗೇನು ಕೆಲಸ?"

ಅಂಥ ಗುರುವಾರಗಳು ಅವರಿಗೆ ನೂರಾರು ದೊರೆಯಲಿ. ಕಣ್ಣು ಚುರುಕಾಗಿರಲಿ, ಆಯುರಾರೋಗ್ಯ ಕೂಡಿರಲಿ, ಶಿಷ್ಯರು ಹೊತ್ತು ತರುವ ಗೊಂದಲಕ್ಕೆ ಆ ಮನೆಯ ಬಾಗಿಲು ಬಹುಕಾಲ ತೆರೆದಿರಲಿ.