ವಾರ್ಡಿನ ಬಾಗಿಲಲ್ಲಿ ಅತ್ತೆ

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷ ಆಗಿರಬೇಕು. ಹಟ್ಟಿಕೇರಿಯಿಂದ ಅಮ್ಮನನ್ನು ಕಾರವಾರದ ಆಸ್ಪತ್ರೆಗೆ ತಂದಾಗ ಅವಳಿಗೆ ಎಚ್ಚರವೇ ಇರಲಿಲ್ಲ. ಮೆದುಳು ಜ್ವರ. ಜ್ವರ ಇಳಿದು ಕಣ್ಣು ಬಿಟ್ಟಳು, ಆದರೆ ಮಾತು ಬರಲಿಲ್ಲ. ಮಾತು ಮರಳೀತೇ ಎಂದರೆ ಡಾಕ್ಟರು ಕಾದು ನೋಡೋಣ ಎನ್ನುತ್ತಿದ್ದರು. ಆ ಉತ್ತರಕ್ಕೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಜೊತೆಗಿದ್ದವಳು ಅಪ್ಪನ ತಂಗಿ. ನಮ್ಮ ಅತ್ತೆಗೆ ಯಾವುದನ್ನೂ ಅರ್ಧ ಕೇಳಿ ಗೊತ್ತಿಲ್ಲ. ಜ್ವರ ಹೋದ ಮೇಲೂ ಮೆದುಳು ಯಾಕೆ ಬಾತಿದೆ ಎಂದು ಡಾಕ್ಟರನ್ನು ಹಿಡಿದು ನಿಲ್ಲಿಸಿದಳು. ಪಾಪ, ಅವರು ಗೋಡೆಯ ಮೇಲೆ ಬೆರಳಿನಲ್ಲೇ ಗೆರೆ ಎಳೆದು ವಿವರಿಸಿದರು. ಮೆದುಳಿನ ರಕ್ತನಾಳದ ಒಳಮೈಗೆ ಕೋಶಗಳ ತೆಳ್ಳನೆಯ ಪದರವಿದೆ. ಉರಿಯೂತವಾದಾಗ ರಕ್ತದಲ್ಲಿನ ಗಲಾಟೆ ಮೊದಲು ತಟ್ಟುವುದು ಅವಕ್ಕೆ. ಅವು ಕಳಿಸುವ ಸುದ್ದಿಗೆ, ನರಕೋಶಗಳನ್ನು ನೋಡಿಕೊಳ್ಳುವ ಆಸರೆಯ ಕೋಶಗಳು ಕೆರಳುತ್ತವೆ, ಬಾತುಕೊಳ್ಳುತ್ತವೆ. ನಾಳ ಶಾಂತವಾದರೆ ಇವೂ ನಿಧಾನಕ್ಕೆ ಶಾಂತವಾಗಬಹುದು.

ಅತ್ತೆ ತಲೆಯಾಡಿಸಿದಳು. "ಅಂದ್ರೆ ಬಾಗ್ಲಲ್ಲಿ ಕೂತೋರು ಹೆದ್ರಿ ಕೂಗ್ದ್ರೆ ಒಳ್ಗಿನೋರು ಕಂಗಾಲಾಗೂದು."

ಡಾಕ್ಟರು ನಕ್ಕು, ಹೆಚ್ಚುಕಡಿಮೆ ಹಾಗೇ ಎಂದರು.

ಅವರು ಹೇಳಿದ್ದು ಕಣ್ಣಿಗೆ ಕಾಣದ ಕೋಶಗಳ ವಿಷಯ. ಅತ್ತೆ ಅದನ್ನು ಇಡೀ ವಾರ್ಡಿಗೇ ಜಾರಿ ಮಾಡಿದಳು. ನಮ್ಮ ಕಡೆ ಯಾರಾದರೂ ಮಲಗಿದರೆ ಊರಿಗೆ ಊರೇ ಎಳನೀರು, ಬಿಸ್ಕೀಟು ಹಿಡಿದು ನೋಡಲು ಬರುತ್ತದೆ. ಮಂಚದ ಪಕ್ಕ ನಿಂತು ನಾಲ್ಕು ಹನಿ ಕಣ್ಣೀರು ಹಾಕುವುದೂ ಮರ್ಯಾದೆಯೇ. ಅತ್ತೆ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿ ಕೂತಳು. ಅಳುವ ಮುಖದವರಿಗೆ ಪ್ರವೇಶವಿಲ್ಲ. ಬಾಳೆಗುಳಿಯಿಂದ ಬಂದ ನನ್ನ ಸೋದರಮಾವನನ್ನೂ ಮುಖ ತೊಳೆದು ಬಾ ಎಂದು ಹಿಂದಕ್ಕೆ ಕಳಿಸಿದಳು. ಎಳನೀರನ್ನು ಮಾತ್ರ ಇಸಿದುಕೊಂಡಳು.

ಆಮೇಲೆ ಒಳಗೆ ಬಂದು ಅಮ್ಮನ ಕಾಲೊತ್ತುತ್ತ ಮನೆಯ ಸುದ್ದಿ ಹೇಳುವಳು. ಎಲ್ಲ ಶುದ್ಧ ಸುಳ್ಳು. ಅಪ್ಪ ಮೀನುಸಾರು ಮಾಡಲು ಕಲಿತನಂತೆ, ನಾನು ಬೆಳಕು ಹರಿಯುವ ಮೊದಲೇ ಏಳುತ್ತಿದ್ದೇನಂತೆ. ಕೇಳುತ್ತ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅತ್ತೆ ಅಂದರೆ ನನಗೆ ಎಷ್ಟು ಪ್ರೀತಿ ಎಂದು ಗೊತ್ತಾದದ್ದೂ ಆಗಲೇ.

ಒಂದು ಮಧ್ಯಾಹ್ನ ಅವಳ ಸುಳ್ಳಿನ ಸರಕೂ ಮುಗಿಯಿತು. ಅಮ್ಮನ ಪಾದ ಹಿಡಿದುಕೊಂಡು ತಲೆ ತಗ್ಗಿಸಿ ಸುಮ್ಮನೆ ಕೂತುಬಿಟ್ಟಳು. ಅವಳ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಷ್ಟರಲ್ಲಿ ಅಮ್ಮನ ತುಟಿ ಅಲುಗಿತು. ಇಬ್ಬರೂ ಬಗ್ಗಿ ಕಿವಿ ಕೊಟ್ಟೆವು.

"ಯಾಕೆ ಸುಮ್ನಾದೆ ತಂಗೀ," ಎಂದಳು ಅಮ್ಮ, ಒಂದೊಂದೇ ಮಾತು ಹುಡುಕುತ್ತ. "ಹೇಳು... ಸುಳ್ಳಾದ್ರೂ ಅಡ್ಡಿಲ್ಲ."